ಚೀಲದಲ್ಲಿ ಬೆಳೆಯುವ ಮರಗಳ ಊರು

ಹೈದರಾಬಾದಿನ ಹೊಸ ಅಪಾರ್ಟ್‌ಮೆಂಟುಗಳ ಮುಂದೆ ನಿನ್ನೆ ಇಲ್ಲದ ಮರ ಇವತ್ತು ನೆರಳು ಕೊಡುತ್ತಾ ನಿಂತಿರುವುದನ್ನು ನೀವೂ ನೋಡಿರುತ್ತೀರಿ. ಅಂಥ ಎಷ್ಟೋ ಮರಗಳು ಲಾರಿ ಹತ್ತುವುದು ಆಂಧ್ರದ ಕಡಿಯಂನಲ್ಲಿ. ರಾಜಮಂಡ್ರಿಯಲ್ಲಿ ರೈಲು ಇಳಿದು ಆಟೋ ಹಿಡಿದರೆ ಸ್ವಲ್ಪ ಹೊತ್ತಿನ ದಾರಿ. ಕಡಿಯಪುಲಂಕ ಬರುತ್ತಿದ್ದಂತೆ ಗದ್ದೆಗಳು ಮುಗಿದು, ರಸ್ತೆಯ ಎರಡೂ ಬದಿ ನರ್ಸರಿಗಳು ಶುರುವಾಗುತ್ತವೆ.

ನಾನು ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಊರಿನ ಮನೆ ಮಾರಿದ ಮೇಲೆ ಅವಳು ನಮ್ಮ ಜೊತೆ ಆರನೇ ಮಹಡಿಯಲ್ಲಿದ್ದಾಳೆ. "ಒಂದು ಮಾವಿನ ಮರ ಇರ್ಲಿ ಕಣೋ" ಎನ್ನುವುದೊಂದೇ ಅವಳ ಬೇಡಿಕೆ. "ಡ್ರಮ್ಮು ಗಿಮ್ಮು ಇಟ್ಟರೆ ಬಾಲ್ಕನಿ ತಡೆಯಲ್ಲ" ಎನ್ನುವುದು ಅಪಾರ್ಟ್‌ಮೆಂಟ್ ಸಂಘದ ತಕರಾರು. ಯಾರ ಮಾತು ಸರಿ ಎಂದು ನನಗೆ ತಿಳಿಯಬೇಕಿತ್ತು.

ಈ ಊರಿನ ಬಂಡವಾಳ ನೀರು. 1852ರಲ್ಲಿ ಆರ್ಥರ್ ಕಾಟನ್ ಧವಳೇಶ್ವರಂನಲ್ಲಿ ಗೋದಾವರಿಗೆ ಅಣೆಕಟ್ಟೆ ಕಟ್ಟಿ ಮುಗಿಸಿದ. ಅಲ್ಲಿಂದ ಹೊರಟ ಕಾಲುವೆಗಳು ಈ ಸೀಮೆಯನ್ನು ಹಸಿರಾಗಿಟ್ಟಿವೆ. ಬೇರೆ ಕಡೆ ಭತ್ತ ಬೆಳೆಯುವ ನೀರಿನಲ್ಲಿ ಇಲ್ಲಿ ಸಸಿ ಬೆಳೆಯುತ್ತಾರೆ. ಅಂಗೈಯಗಲದ ಕರಿ ಚೀಲದಿಂದ ಹಿಡಿದು ಕ್ರೇನ್ ಇಲ್ಲದೆ ಅಲುಗದ ದೊಡ್ಡ ಚೀಲದವರೆಗೆ, ಎಲ್ಲವೂ ಸಾಲಾಗಿ ನಿಂತಿರುತ್ತವೆ.

ಒಂದು ನರ್ಸರಿಯ ಯಜಮಾನರು ಹಳೆಯ ಪ್ಲಾಸ್ಟಿಕ್ ಚೀಲವೊಂದನ್ನು ಬ್ಲೇಡಿನಿಂದ ಸೀಳಿ ತೋರಿಸಿದರು. ಒಳಗೆ ಬೇರುಗಳು ಸಿಂಬೆಯಂತೆ ಸುತ್ತಿಕೊಂಡಿದ್ದವು. ಗೋಡೆ ಸಿಕ್ಕಿದ ಬೇರು ಅದರ ಗುಂಟ ತಿರುಗುತ್ತಲೇ ಹೋಗುತ್ತದೆ. ಕೊನೆಗೆ ತನ್ನ ಬುಡವನ್ನು ತಾನೇ ಬಿಗಿಯುತ್ತದೆ. ದಪ್ಪ ಬಟ್ಟೆಯ ಚೀಲವಾದರೆ ಬೇರಿನ ತುದಿ ಅಂಚಿಗೆ ಬಂದು, ಗಾಳಿ ತಾಗಿ ಒಣಗಿ, ಹಿಂದಿನಿಂದ ಕವಲೊಡೆಯುತ್ತದೆ. ಯಾವ ಚೀಲವಾದರೂ ಎರಡು ಮೂರು ವರ್ಷಕ್ಕೊಮ್ಮೆ ಗಿಡವನ್ನು ಹೊರತೆಗೆದು, ಅಂಚಿನ ಬೇರು ಕತ್ತರಿಸಿ, ಹೊಸ ಮಣ್ಣು ಕೊಡಲೇಬೇಕು.

ನಾನು ಫೋನಿನಲ್ಲಿ ಲೆಕ್ಕ ಹಾಕುತ್ತಾ ನಿಂತೆ. 200 ಲೀಟರಿನ ಡ್ರಮ್ಮಿಗೆ ಬರೀ ಮಣ್ಣು ತುಂಬಿ ನೀರು ಹಾಕಿದರೆ 300 ಕಿಲೋ ದಾಟುತ್ತದೆ. ನಮ್ಮ ದೇಶದ ಕಟ್ಟಡ ಸಂಹಿತೆ ಐಎಸ್ 875ರ ಪ್ರಕಾರ ವಾಸದ ಮನೆಯ ಬಾಲ್ಕನಿಯನ್ನು ಚದರ ಮೀಟರಿಗೆ ಸುಮಾರು 300 ಕಿಲೋ ಭಾರಕ್ಕೆ, ಜನ ಓಡಾಡುವ ತಾರಸಿಯನ್ನು ಅದರ ಅರ್ಧಕ್ಕೆ ವಿನ್ಯಾಸ ಮಾಡುತ್ತಾರೆ. ಅಂದರೆ ಸಂಘದವರ ಭಯ ಸುಳ್ಳಲ್ಲ. ಆದರೆ 60 ಲೀಟರಿನ ಚೀಲಕ್ಕೆ ಮಣ್ಣು, ತೆಂಗಿನ ನಾರಿನ ಪುಡಿ, ಗೊಬ್ಬರ ಸಮಸಮ ಬೆರೆಸಿ ತುಂಬಿದರೆ, ಒದ್ದೆಯಾದಾಗಲೂ ಸುಮಾರು 70 ಕಿಲೋ. ಒಬ್ಬ ಮನುಷ್ಯನ ತೂಕ. ಕಂಬಿಯ ಕಡೆ ಬಿಟ್ಟು ಮನೆಯ ಗೋಡೆಯ ಕಡೆಗೆ ಇಟ್ಟರೆ, ಹೊರಚಾಚಿದ ಬಾಲ್ಕನಿಗೆ ಅದು ಇನ್ನೂ ಹಗುರ. ಅಮ್ಮನ ಮಾತೂ ಸುಳ್ಳಲ್ಲ.

ಅಷ್ಟರಲ್ಲಿ ಅಮ್ಮ ಕ್ರೇನಿನ ಪಕ್ಕ ನಿಂತಿದ್ದಳು. ಅಲ್ಲೊಂದು ಹಳೇ ಮರ. ಕೊಂಬೆಗಳನ್ನೆಲ್ಲ ಸವರಿ, ಬುಡವನ್ನು ಚೀಲಕ್ಕೆ ಕಟ್ಟಿದ್ದರು. ಕಾಂಡದ ಮೇಲೆ ಒಂದೆರಡು ಚಿಗುರು. "ಇದು ಮೊದಲು ಎಲ್ಲಿತ್ತು, ಕೇಳೋ" ಎಂದಳು. ಕೇಳಿದೆ. ಯಾವುದೋ ರಸ್ತೆ ಅಗಲ ಮಾಡುವಾಗ ಕಿತ್ತದ್ದಂತೆ, ಊರು ಗೊತ್ತಿಲ್ಲವಂತೆ. "ಬದುಕುತ್ತಾ?" ಎಂದಳು. "ಕೆಲವು ಬದುಕ್ತವೆ, ಕೆಲವು ಇಲ್ಲ" ಎಂದರು ಯಜಮಾನರು. ಅಮ್ಮ ಏನೂ ಹೇಳದೆ ಆ ಚಿಗುರನ್ನು ಮುಟ್ಟಿ ಬಂದಳು.

ನಾನು ಎದೆಯೆತ್ತರದ, ಆಗಲೇ ಹೂ ಬಿಟ್ಟಿದ್ದ ಗಿಡದ ಬೆಲೆ ಕೇಳುತ್ತಿದ್ದೆ. ಅಮ್ಮ ಬೇಡವೆಂದು ಮೊಣಕಾಲೆತ್ತರದ ಕಸಿ ಗಿಡವೊಂದನ್ನು ಆರಿಸಿದಳು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನೋ? ಚಿಕ್ಕದಿದ್ದರೆ ನಮ್ಮನೆಗೆ ಹೊಂದ್ಕೊಳ್ಳತ್ತೆ." ಅವಳು ಆರಿಸಿದ್ದು ಆಮ್ರಪಾಲಿ. ದಶೇರಿ ಮತ್ತು ನೀಲಂ ತಳಿಗಳನ್ನು ಬೆರೆಸಿ ದೆಹಲಿಯ ಪೂಸಾ ಸಂಸ್ಥೆ ಬಿಡುಗಡೆ ಮಾಡಿದ ಗಿಡ್ಡ ತಳಿ. ಕುಂಡದಲ್ಲಿ ಮಾವು ಬೇಕೆನ್ನುವವರಿಗೆ ಇದು ಒಳ್ಳೆಯ ಆಯ್ಕೆ. ದಿನಕ್ಕೆ ಆರು ತಾಸು ಬಿಸಿಲು, ಬೇಸಿಗೆಯಲ್ಲಿ ದಿನಾ ನೀರು, ಚೀಲದಡಿ ನೀರು ಇಳಿಯಲು ನಾಲ್ಕು ಇಟ್ಟಿಗೆ, ಹಣ್ಣು ಮುಗಿದ ಮೇಲೆ ಒಂದು ಸವರುವಿಕೆ, ಇಷ್ಟಾದರೆ ಸಾಕು.

ಭಾರದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಸಂಘಕ್ಕೆ ಕೊಟ್ಟೆ. ಡ್ರಮ್ ಇಡಬಾರದು, ಚೀಲ ಒಂದೇ ಎಂಬ ಷರತ್ತಿನ ಮೇಲೆ ಒಪ್ಪಿದರು.

ಮೊದಲ ವರ್ಷದ ಹೂವನ್ನು ಚಿವುಟಿ ಹಾಕಿ, ಗಿಡ ಬೇರಿಗೆ ಬಲ ಮಾಡಿಕೊಳ್ಳಲಿ ಎಂದು ಯಜಮಾನರು ಹೇಳಿದ್ದರು. ಹೂ ಬಂದಾಗ ನನಗೆ ಕೈ ಬರಲಿಲ್ಲ. ಅಮ್ಮನೇ ಒಂದೊಂದಾಗಿ ಚಿವುಟಿದಳು. ಮುಗಿಸಿ, ಚೀಲದ ಎರಡು ಹಿಡಿಗಳನ್ನು ಎಳೆದು ನೋಡಿ, "ಇನ್ನೊಂದು ಮನೆಗೆ ಹೋಗೋದಾದ್ರೆ ಇಬ್ಬರು ಸೇರಿ ಎತ್ತಬಹುದು, ಅಲ್ವಾ?" ಎಂದಳು.