ಕಪ್ಪು ಪರದೆಯ ಮುಂದೆ

ಕಂಪ್ಯೂಟರಿಗೆ ಹೊಸ ರ‍್ಯಾಮ್ ತೊಡಿಸಿದ ಗೃಹಸ್ಥನು ಗುಂಡಿಯೊತ್ತುತ್ತಾನೆ. ಒಳಗೆ ಫ್ಯಾನು ತಿರುಗುತ್ತದೆ. ಪರದೆ ಮಾತ್ರ ಕಪ್ಪು.

“ಚೆನ್ನಾಗಿದ್ದುದನ್ನು ಏಕೆ ಮುಟ್ಟಿದೆಯಪ್ಪಾ?” ಎನ್ನುತ್ತಾರೆ ತಾಯಿ.

ಮಗಳ ನಾಮಕರಣದಿಂದ ಮೊದಲ್ಗೊಂಡು ಕೂಡಿಟ್ಟ ಚಿತ್ರಗಳೆಲ್ಲ ಅಳಿದುವೆಂದು ಆತನ ಎದೆ ಕುಸಿಯುತ್ತದೆ. ಆದರೆ ಚಿತ್ರಗಳಿರುವುದು ಡಿಸ್ಕಿನಲ್ಲಿ; ರ‍್ಯಾಮ್ ಎಂಬುದು ವಿದ್ಯುತ್ತು ಹೋದೊಡನೆ ಒರಸಿಹೋಗುವ ಸ್ಲೇಟು.

2021ರ ಕೊನೆಯಿಂದ ಮನೆಯ ಕಂಪ್ಯೂಟರುಗಳಿಗೆ ಬಂದ ಡಿಡಿಆರ್ 5 ಜಾತಿಯ ರ‍್ಯಾಮ್ ಆದರೆ, ಯಂತ್ರವು ಅದರೊಡನೆ ಹೊಂದಿಕೊಳ್ಳಲು ಮೊದಲ ಸಲ ಕೆಲವು ನಿಮಿಷಗಳೇ ಹಿಡಿಯುವುದುಂಟು. ಕಾದರೂ ಫಲವಿಲ್ಲದಿದ್ದರೆ ವಿದ್ಯುತ್ ತಂತಿಯನ್ನು ಕಳಚಿ, ಅದನ್ನು ತೆಗೆದು ಮತ್ತೆ ಭದ್ರವಾಗಿ ಕೂರಿಸಬೇಕು. ಆಗಲೂ ಆಗದಿದ್ದರೆ ಹಳೆಯದೊಂದನ್ನೇ ಇಟ್ಟು ನೋಡಬೇಕು.

ಒಮ್ಮೆಗೆ ಒಂದನ್ನೇ ಬದಲಿಸುವವನಿಗೆ ಕಾರಣ ದೊರೆಯುತ್ತದೆ. ಗಾಬರಿಯಿಂದ ಎಲ್ಲವನ್ನೂ ಬಿಚ್ಚಿದವನಿಗೆ ಉಳಿಯುವುದು ಹಿಡಿ ತುಂಬ ಸ್ಕ್ರೂಗಳು!