ಮುಳುಗಿದ ಹೊಲದ ಹಣ

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಅರಿಯದ ಭಕ್ತರು ವಿರಳ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ತಂದ ಅಕ್ಕಿ ನಿತ್ಯಕ್ಕಿಂತ ಹೆಚ್ಚಾಗಿರಲು, ಲಕ್ಕಮ್ಮ ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದಳು. ಈ ಪ್ರಸಂಗವನ್ನು ಆಸೆಯ ನಿರಾಕರಣೆಯೆಂದು ವ್ಯಾಖ್ಯಾನಿಸುವುದು ವಾಡಿಕೆ. ನಿರಾಕರಣೆಗೆ ಮೊದಲು ಆಕೆ ಅಳೆದು ನೋಡಿದಳು ಎಂಬುದರ ಕಡೆಗೆ ಮಾತ್ರ ಗಮನ ಹೋಗುವುದು ಕಡಿಮೆ.

ಬೀಳಗಿ ತಾಲೂಕಿನ ಕೃಷ್ಣಾತೀರದ ಹಿರಿಯ ಭಕ್ತರೊಬ್ಬರಿಗೆ ಇಂತಹ ಅಳತೆ ಸಾಧ್ಯವಾಗಲಿಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಅವರ ಮೂರು ಎಕರೆ ಎರೆಭೂಮಿ ಮುಳುಗಿತು. ಲಕ್ಕಮ್ಮನಿಗೆ ಹಿಂದಿರುಗಿಸಲು ಒಂದು ಅಂಗಳವಿತ್ತು. ಪರಿಹಾರದ ಹಣವನ್ನು ಹಿಂದಿರುಗಿಸಿ ಹೊಲವನ್ನು ಮರಳಿ ಪಡೆಯುವ ದಾರಿ ಇವರಿಗಿರಲಿಲ್ಲ.

ಮೊದಲ ಕಂತು ಬಂದಾಗ ಅವರು ಅದನ್ನು ಬ್ಯಾಂಕಿನಲ್ಲಿಡಲು ಒಪ್ಪಲಿಲ್ಲ. ಭೂಮಿಯ ಹಣ ಭೂಮಿಗೇ ಸೇರಬೇಕೆಂಬ ಹಟ. ಆದರೆ ಸುತ್ತಲಿನ ಹಳ್ಳಿಗಳ ಕೈಯಲ್ಲೂ ಅದೇ ಹಣ, ಅದೇ ಹಟ. ಆದ್ದರಿಂದ ಭೂಮಿಯ ದರ ಏರಿತ್ತು. ಮೂರು ಎಕರೆಯ ಹಣಕ್ಕೆ ದೊರೆತದ್ದು ಒಂದೂವರೆ ಎಕರೆ ಮಸಾರಿ ಭೂಮಿ. ವರ್ಷಗಳ ತರುವಾಯ ನ್ಯಾಯಾಲಯವು ಪರಿಹಾರವನ್ನು ಹೆಚ್ಚಿಸಿ ಎರಡನೆಯ ಮೊತ್ತ ಬಂದಿತು. ಅದೂ ಅದೇ ಹೊಲದ ಬೆಲೆಯೇ. ಆದರೂ ಅವರ ಮನಸ್ಸು ಅದಕ್ಕೆ ‘ಮ್ಯಾಲಿನ ರೊಕ್ಕ’ ಎಂಬ ಬೇರೆ ಹೆಸರಿಟ್ಟಿತು. ಮಗಳ ಮದುವೆ, ಮೋಟಾರ್ ಸೈಕಲ್ಲು, ಬೀಗರಿಗೆ ಕೈಗಡ ಎಂದು ಹನ್ನೊಂದು ತಿಂಗಳಲ್ಲಿ ಅದು ಕರಗಿತು.

ಒಂದೇ ಹಣಕ್ಕೆ ಎರಡು ಹೆಸರಿಡುವ ಈ ಸ್ವಭಾವವನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮನಸ್ಸಿನ ಲೆಕ್ಕಪತ್ರವೆಂದು ಕರೆದರು. ಇಂತಹ ಸಂಶೋಧನೆಗಳಿಗಾಗಿ ಅವರಿಗೆ 2017ರಲ್ಲಿ ನೊಬೆಲ್ ಪುರಸ್ಕಾರ ಸಂದಿತು. ಅವರಿಗೂ ಮೊದಲು, 1979ರಲ್ಲಿ, ಡೇನಿಯಲ್ ಕಾನೆಮನ್ ಮತ್ತು ಏಮೊಸ್ ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ನಷ್ಟದ ನೋವು ಅಷ್ಟೇ ಲಾಭದ ಸಂತಸಕ್ಕಿಂತ ಹಿರಿದೆಂದು ತೋರಿಸಿದ್ದರು. ಅದು ಸುಮಾರು ಇಮ್ಮಡಿಯೆಂಬುದು ಅವರ ಮುಂದಿನ ಲೆಕ್ಕ. ಮುಧೋಳದ ಕಬ್ಬು ಬೆಳೆಗಾರರಿಗೆ ಇದನ್ನು ಪುಸ್ತಕದಿಂದ ಹೇಳಬೇಕಾಗಿಲ್ಲ. ದಿನದ ಹಾಲಿನ ಹಣದಲ್ಲಿ ಹತ್ತು ರೂಪಾಯಿಗೆ ಚೌಕಾಸಿ ಮಾಡುವ ಮನೆಯಲ್ಲಿಯೇ, ಕಬ್ಬಿನ ಬಿಲ್ಲು ಒಮ್ಮೆಲೇ ಬಂದ ವಾರ ಚೌಕಾಸಿ ನಿಂತುಹೋಗುತ್ತದೆ. ಆ ಹಿರಿಯರ ಅಳಿಯ ಬನಹಟ್ಟಿಯ ನೇಕಾರ. ನಾಲ್ಕು ಪಾವರ್‌ಲೂಮುಗಳಲ್ಲಿ ಎರಡು ನಿಂತು ವರ್ಷಗಳಾದವು. ಕೊಂಡ ಬೆಲೆ ಬಾರದೆ ಕೊಡಲಾರೆನೆಂದು ಆತ ಅವುಗಳಿಗೆ ಈಗಲೂ ಎಣ್ಣೆ ಹಾಕುತ್ತಾನೆ. ಗುಜರಿಯವನು ಹೇಳುವ ಬೆಲೆ ಮಾತ್ರ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ.

ಹಿರಿಯರಿಗೆ ಅತಿ ಹೆಚ್ಚು ನೋವು ಕೊಟ್ಟದ್ದು ಉಳಿದ ಒಂದು ಲಕ್ಷ. ಅದನ್ನು ಅವರು ಪರಿಚಿತರ ಪತ್ತಿನ ಸಂಘವೊಂದರಲ್ಲಿ ಠೇವಣಿಯಿಟ್ಟರು. ಬ್ಯಾಂಕಿಗಿಂತ ಎರಡು ಟಕ್ಕೆ ಬಡ್ಡಿ ಹೆಚ್ಚು. ಅದಕ್ಕಿಂತ ಮಿಗಿಲಾಗಿ, ‘ನಮ್ಮವರು’ ಎಂಬ ಭರವಸೆ. ಜನ ಹಣ ಹಿಂಪಡೆಯುತ್ತಿದ್ದಾರೆಂಬ ಸುದ್ದಿ ಹಬ್ಬಿದಾಗಲೂ, ಅವಧಿಗೆ ಮುನ್ನ ಮುರಿಸಿದರೆ ಬಡ್ಡಿ ಹೋಗುವುದೆಂದು ಸುಮ್ಮನಾದರು. ಬಡ್ಡಿಯನ್ನುಳಿಸಲು ಹೋಗಿ ಅಸಲನ್ನು ಕಳೆದುಕೊಂಡರು. ಬ್ಯಾಂಕುಗಳಲ್ಲಿಯ ಠೇವಣಿಗೆ, ಸಹಕಾರಿ ಬ್ಯಾಂಕುಗಳನ್ನೂ ಒಳಗೊಂಡು, 2020ರ ಫೆಬ್ರುವರಿಯಿಂದ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಬಡ್ಡಿ ಸೇರಿ 5 ಲಕ್ಷ ರೂಪಾಯಿಯವರೆಗೆ ವಿಮೆಯಿದೆ. ಪತ್ತಿನ ಸಹಕಾರ ಸಂಘಗಳು ಈ ವಿಮೆಯೊಳಗೆ ಬರುವುದಿಲ್ಲ. ನಾಮಫಲಕದಲ್ಲಿ ಎಷ್ಟೇ ಪೂಜ್ಯವಾದ ಹೆಸರಿರಲಿ, ಭಕ್ತರು ಈ ಭೇದವನ್ನು ಕೇಳಿ ತಿಳಿಯುವುದರಲ್ಲಿ ಅವಿಶ್ವಾಸವೇನೂ ಇಲ್ಲ.

ಈಗ ಅದೇ ಮನೆಯ ಬಾಗಿಲಿಗೆ ಮತ್ತೊಮ್ಮೆ ಹಣ ಬರುವ ಹೊತ್ತು. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವಾಗ ಮುಳುಗುವ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಕೊಡಲು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ನಿರ್ಣಯಿಸಿತು. ಹಿರಿಯರಿಗೆ ಹೊಳೆದಂಡೆಯಲ್ಲಿ ಇನ್ನೂ ಎರಡು ಎಕರೆ ನೀರಾವರಿ ಉಂಟು. ಅಂದರೆ 80 ಲಕ್ಷ.

ಜಮಖಂಡಿಯಲ್ಲಿ ಅಂಗಡಿಯಿಟ್ಟಿರುವ ಮಗ ಆಗಲೇ ಒಂದು ಪ್ಲಾಟಿಗೆ ಸಾಲ ಮಾಡಿ ಸಂಚಕಾರ ಕೊಟ್ಟು ಬಂದಿದ್ದಾನೆ.

“ಅಪ್ಪಾ, ಮುಂದಿನ ವರ್ಷ ಈ ರೇಟಿಗೆ ಸಿಗೂದಿಲ್ಲ.”

“ರೊಕ್ಕ ಇನ್ನಾ ಕೈಯಾಗ ಬಂದಿಲ್ಲಲ್ಲೋ ತಮ್ಮಾ.”

“ಬರೂದೈತಲ್ಲ.”

ಬಾರದ ಹಣವೂ ಹೀಗೆ ಮನಸ್ಸಿನಲ್ಲಿ ಖರ್ಚಾಗತೊಡಗುತ್ತದೆ. ಮಗನನ್ನು ದೂರಲಾಗದು, ತಂದೆ ಅಂದು ತಡಮಾಡಿ ದುಬಾರಿ ಬೆಲೆಗೆ ಕೊಂಡದ್ದನ್ನು ಕೇಳುತ್ತಲೇ ಆತ ಬೆಳೆದವನು. ತಂದೆಗೆ ಕಳೆದುಹೋದ ಠೇವಣಿಯ ಭಯ. ಮಗನಿಗೆ ಕೈತಪ್ಪಬಹುದಾದ ಪ್ಲಾಟಿನ ಭಯ.

ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ಹಳೆಯ ಹೊಲದ ಬದುವಿನಲ್ಲಿ ಬೇವಿನ ಬೊಡ್ಡೆಯೊಂದು ಮೇಲೇಳುತ್ತದೆ. ಹಿರಿಯರು ಪ್ರತಿ ವರ್ಷ ಅಲ್ಲಿಗೆ ಹೋಗಿ, ಬೊಡ್ಡೆಯಿಂದ ಹೆಜ್ಜೆಯಿಟ್ಟು ಮೂರು ಎಕರೆಯನ್ನು ಅಳೆದು ಬರುತ್ತಾರೆ. ಮಗ ದಾರಿಯ ಮೇಲೆ ಗಾಡಿ ನಿಲ್ಲಿಸಿಕೊಂಡು ಕಾಯುತ್ತಾನೆ. ಕಳೆದ ಸಲ ಅವನ ಕಿಸೆಯಲ್ಲಿ ಸಂಚಕಾರದ ಕಾಗದವಿತ್ತು.