ಕೋಲಿನ ನೆರಳು ಕಾಣೆಯಾಗುವ ಹೊತ್ತು

ಮೇ 5. ಬೆಲ್ಲದ ಬಾಗೇವಾಡಿಯ ಹೊರಗೆ, ಕಬ್ಬು ಕಡಿದು ಬಯಲಾದ ಎರಿ ಹೊಲದ ಬದುವಿನ ಮೇಲೆ ನಿಂತಿದ್ದೀರಿ. ಚಪ್ಪಲಿ ಬಿಟ್ಟು ಒಂದು ಹೆಜ್ಜೆ ಇಟ್ಟು ನೋಡಿ, ಎರಡನೆಯದು ಇಡಲಾರಿರಿ. ನೆಲ ಬಾಯಿ ಬಿಟ್ಟಿದೆ. ಪಕ್ಕದ ಹುಡುಗ ಬಿರುಕಿನೊಳಗೆ ಜೋಳದ ದಂಟು ಇಳಿಸುತ್ತಾನೆ, ಅದು ಮೊಳದುದ್ದ ಒಳಗೆ ಹೋಗುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಹರಿದು ಹೆಪ್ಪುಗಟ್ಟಿದ ಲಾವಾ ಕಲ್ಲಾಗಿ, ಕಲ್ಲು ಸವೆದು ಆದ ಮಣ್ಣಿದು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಹೀಗೆ ಸೀಳುತ್ತದೆ.

ಹುಡುಗ ಈಗ ಒಂದು ಕೋಲು ನೆಟ್ಟಿದ್ದಾನೆ. ಮೊಬೈಲು ನೋಡುತ್ತಾನೆ, ನೆರಳು ನೋಡುತ್ತಾನೆ.

“ಅಜ್ಜಾ, ಹನ್ನೆರಡ ಆತು. ನೆರಳ ಇನ್ನೂ ಐತಲ್ಲ?”

“ತಡಿಯೋ ತಮ್ಮಾ. ಗಡಿಯಾರ ನಮ್ಮೂರದಲ್ಲ.”

ಅಜ್ಜನ ಮಾತು ಸುಳ್ಳಲ್ಲ. ದೇಶದ ಗಡಿಯಾರ ನಡೆಯುವುದು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ. ಬಾಗೇವಾಡಿ ಅದಕ್ಕಿಂತ ಹತ್ತಿರಹತ್ತಿರ 8 ಡಿಗ್ರಿ ಪಡುವಣಕ್ಕಿದೆ. ಒಂದು ಡಿಗ್ರಿ ತಿರುಗಲು ಭೂಮಿಗೆ 4 ನಿಮಿಷ ಬೇಕು. ಹಾಗಾಗಿ ಇಲ್ಲಿಯ ನಡುಹಗಲು ಅರ್ಧ ಗಂಟೆ ತಡ.

12 ಗಂಟೆ 28 ನಿಮಿಷ. ನೆರಳು ಕುಗ್ಗಿ ಕುಗ್ಗಿ ಕೋಲಿನ ಬುಡದಲ್ಲಿ ಅಡಗಿತು. ನಿಮ್ಮ ನೆರಳೂ ಕಾಲಡಿ ಸೇರಿದೆ. ಊರು ಇರುವ ಅಕ್ಷಾಂಶ 16 ಡಿಗ್ರಿ ಚಿಲ್ಲರೆ, ಸೂರ್ಯ ಇವತ್ತು ಸರಿಯಾಗಿ ಅದೇ ಅಕ್ಷಾಂಶದ ನೆತ್ತಿಗೆ ಬಂದಿದ್ದಾನೆ.

ಇಲ್ಲಿಂದ ಉತ್ತರಕ್ಕೆ ಹೋದವನು ಕರ್ಕಾಟಕ ಸಂಕ್ರಾಂತಿ ವೃತ್ತ ಮುಟ್ಟಿ ಮರಳುತ್ತಾನೆ. ಆಗಸ್ಟ್ 8ರ ಸುಮಾರಿಗೆ ಮತ್ತೆ ನಿಮ್ಮ ನೆತ್ತಿಯ ಮೇಲೆ. ಅದೇ ಬದು, ಅದೇ ಕೋಲು. ಬನ್ನಿ, ನಿಂತು ನೋಡೋಣ.

ನೆರಳೇ ಇಲ್ಲ, ಏಕೆಂದರೆ ಬಿಸಿಲೇ ಇಲ್ಲ. ಆಶ್ಲೇಷ ಮಳೆಯ ದಿನಗಳು. ಪಡುವಣ ಗಾಳಿ ಅಂಗಿ ಎಳೆಯುತ್ತಿದೆ, ಮೋಡಗಳು ತಲೆಯ ಮೇಲೆ ಓಡುತ್ತಿವೆ. ಮುಖಕ್ಕೆ ನಾಲ್ಕು ಹನಿ ಸಿಡಿಯುತ್ತವೆ, ಮಣ್ಣು ಮೇಲ್ಮೇಲೆ ಒದ್ದೆಯಾಗುತ್ತದೆ, ಅಷ್ಟೇ. ಮೇ ತಿಂಗಳಲ್ಲಿ ಸುಟ್ಟ ಅದೇ ಸೂರ್ಯ, ಅದೇ ಕೋನ; ಮೈಗೆ ಮಾತ್ರ ಚಳಿ. ಬೇಸಿಗೆ ಎಂದರೆ ಸೂರ್ಯ ನೆತ್ತಿಗೆ ಬರುವುದು ಎಂದು ಬಾಯಿಪಾಠ ಮಾಡಿದವರು ಈ ಹೊಲಕ್ಕೊಮ್ಮೆ ಬರಬೇಕು.

ಇಷ್ಟೊಂದು ಮೋಡವಿದ್ದೂ ಮಳೆಯೇಕೆ ಇಷ್ಟೇ? ಪಡುವಣಕ್ಕೆ ನೂರು ಕಿಲೋಮೀಟರಿನೊಳಗೆ ಅಂಬೋಲಿ ಘಟ್ಟವಿದೆ. ಅರಬ್ಬಿ ಸಮುದ್ರದ ತೇವದ ಗಾಳಿ ಆ ಗೋಡೆ ಹತ್ತುವಾಗ ತಣಿದು, ಹೊತ್ತದ್ದನ್ನೆಲ್ಲ ಅಲ್ಲೇ ಸುರಿಯುತ್ತದೆ: ವರ್ಷಕ್ಕೆ ಸುಮಾರು 7,000 ಮಿಲಿಮೀಟರ್. ಇತ್ತ ಇಳಿಯುವಾಗ ಗಾಳಿ ಬೆಚ್ಚಗಾಗುತ್ತದೆ, ಮೋಡ ತೆಳ್ಳಗಾಗುತ್ತದೆ. ಗೋಕಾಕ ಸೀಮೆಗೆ ಉಳಿಯುವುದು 600 ಮಿಲಿಮೀಟರಿನ ಆಸುಪಾಸು. ಇದೇ ಮಳೆನೆರಳು. ಕೋಲಿನ ನೆರಳು ಕಳೆದ ಜಾಗದಲ್ಲಿ ಬೆಟ್ಟದ ನೆರಳು ಬಿದ್ದಿದೆ ಅನ್ನಿ.

“ಹೊಳಿ ಬಂದೈತಂತ!” ರಸ್ತೆಯಿಂದ ಯಾರೋ ಕೂಗುತ್ತಾರೆ. ಇಲ್ಲಿ ಛತ್ರಿ ಬಿಚ್ಚುವಷ್ಟೂ ಮಳೆಯಿಲ್ಲ. ಹೊಳೆ ಮಾತ್ರ ದಡ ಮೀರುತ್ತಿದೆ. ಅಂಬೋಲಿಯ ಬಳಿ ಹುಟ್ಟುವ ಹಿರಣ್ಯಕೇಶಿ ಸಂಕೇಶ್ವರದ ಮೇಲೆ ಹಾದು ಘಟಪ್ರಭೆಯನ್ನು ಸೇರುತ್ತದೆ. ಘಟ್ಟದಲ್ಲಿ ಸುರಿದ ನೀರು ಕೆಂಪಗಾಗಿ ಗೋಕಾಕದ ಮರಳುಗಲ್ಲಿನ ಅಂಚಿನಿಂದ 52 ಮೀಟರ್ ಕೆಳಗೆ ಧುಮುಕುತ್ತದೆ. ಮಳೆ ಕಡಿಮೆಯ ಈ ಸೀಮೆಯಲ್ಲಿ ಕಬ್ಬು ಬೆಳೆದು ಬೆಲ್ಲವಾಗುವುದಕ್ಕೆ ಹಿಡಕಲ್ ಅಣೆಕಟ್ಟಿನಲ್ಲಿ ನಿಲ್ಲುವ ಆ ಘಟ್ಟದ ಮಳೆಯೇ ದೊಡ್ಡ ಆಸರೆ.

ಹುಡುಗ ಕೋಲು ಕೀಳುತ್ತಾನೆ. 12 ಗಂಟೆ 37 ನಿಮಿಷಕ್ಕೆ ಸೂರ್ಯ ನೆತ್ತಿ ದಾಟಿ ಹೋದದ್ದು ಯಾರಿಗೂ ಕಾಣಲಿಲ್ಲ. ನೀವು ನೋಡಬೇಕೆಂದರೆ ಮೇ ತಿಂಗಳಲ್ಲೇ ಬನ್ನಿ. ಬೆಂಗಳೂರಿನವರು ಇಷ್ಟು ದೂರ ಬರಬೇಕಿಲ್ಲ, ಅವರಿಗೆ ಏಪ್ರಿಲ್ 24ಕ್ಕೇ ಸಿಗುತ್ತದೆ. ಕೋಲು ನೆಟ್ಟಗಿರಲಿ, ಅಷ್ಟೇ.